ಗೊಂಬೆಯೂ ಕ್ರೀಮೂ
ಸರ್ವೆ ಮಾಡುವವನಿಗೆ ಭಾವನೆ ಇರಬಾರದು ಅಂತ ನಾವು ಕಾಮರ್ಸಿನವರು ನೋಟ್ಸಿನಲ್ಲಿ ಬರೆದುಕೊಳ್ಳುತ್ತೇವೆ. ಇದು ಪೂರ್ತಿ ಸರಿಯಲ್ಲ.

1940ರ ಸುಮಾರಿಗೆ ಅಮೆರಿಕದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳು ಕಪ್ಪು ಜನಾಂಗದ ಮಕ್ಕಳ ಮುಂದೆ ಬಿಳಿ, ಕಂದು ಗೊಂಬೆಗಳನ್ನಿಟ್ಟು ಒಳ್ಳೆಯದು ಯಾವುದೆಂದು ಕೇಳಿದರು. ಹೆಚ್ಚಿನವರು ಬಿಳಿಯದನ್ನೇ ತೋರಿಸಿದರು. 'ನಿನ್ನ ಹಾಗಿರೋದು ಯಾವುದು?' ಅಂದಾಗ ಕೆಲವು ಮಕ್ಕಳು ಅತ್ತೇಬಿಟ್ಟವು. ತಾವೂ ಅದೇ ಜನಾಂಗದವರಾದ ಕ್ಲಾರ್ಕರಿಗೆ ಸಂಕಟವಾಗದೆ ಇದ್ದೀತೆ? ಆದರೂ ಎಲ್ಲ ಮಕ್ಕಳಿಗೂ ಅವೇ ಪ್ರಶ್ನೆಗಳು, ಬಂದ ಉತ್ತರವೆಲ್ಲ ಲೆಕ್ಕಕ್ಕೆ.

ಈಗ ಜಾಹೀರಾತಿಗೆ ಬರೋಣ. 1975ರ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಹಳೇ ಜಾಹೀರಾತುಗಳಲ್ಲಿ ಬೆಳ್ಳಗಾದ ಹುಡುಗಿಗೇ ಕೆಲಸ, ಗಂಡು. ಗಿರಾಕಿ ಬಯಸಿದ್ದನ್ನೇ ತೋರಿಸ್ತೀವಿ ಅನ್ನಬಹುದು. ಸರಿ, ಆದರೆ ಸರ್ವೆಯವನು 'ಎಷ್ಟು ಬೆಳ್ಳಗಾಗಬೇಕು?' ಅಂತಲೇ ಶುರು ಮಾಡಿದರೆ, 'ಬೇಡ' ಅನ್ನೋದಕ್ಕೆ ಫಾರಂನಲ್ಲಿ ಜಾಗ ಎಲ್ಲಿದೆ?