ಹಂಚಿದ್ದೆಲ್ಲ ದಾಖಲೆಯಲ್ಲ: ಆರ್ಕೈವಿಸ್ಟರ ಆನ್‌ಲೈನ್ ಚರ್ಚೆಯಿಂದ ನಾವು ಕಲಿಯಬೇಕಾದದ್ದು

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದಾಗ ನಾನು ಆರನೇ ತರಗತಿಯಲ್ಲಿದ್ದೆ. ನೀರು ಇಳಿದ ಮೇಲೆ ಮನೆಗೆ ಬಂದು ನೋಡಿದರೆ ದಾದಿಯ ತಗಡಿನ ಟ್ರಂಕಿನೊಳಗೂ ಕೆಸರು. ಅದರ ತಳದಲ್ಲಿ ನಮ್ಮ ಮುತ್ತಜ್ಜನ ಅಂಗಡಿಯ ಲೆಕ್ಕದ ಪುಸ್ತಕವಿತ್ತು. ಅಬ್ಬಾ ಅದನ್ನು ಬಿಸಿಲಿಗೆ ಇಟ್ಟರು. ಅಮ್ಮಿ ಕೆಲವು ಹಾಳೆಗಳಿಗೆ ಇಸ್ತ್ರಿ ಹಾಕಿದರು. ಹರಿದ ಕಡೆ ನಾವು ಮಕ್ಕಳು ಸೆಲ್ಲೋಟೇಪ್ ಅಂಟಿಸಿದೆವು. ಮೂರೂ ತಪ್ಪು ಎಂದು ಗೊತ್ತಾದದ್ದು ಹೋದ ವರ್ಷ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನನ್ನ ಕಸಿನ್ ಒಬ್ಬ ಆ ಪುಸ್ತಕದ ಒಂದು ಪುಟದ ಫೋಟೋ ತೆಗೆದು, ಅಂದ ಕಾಣಲಿ ಎಂದು ಕೆಳಭಾಗ ಕತ್ತರಿಸಿ, ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದ. ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು. ಕೆಲವು ತಿಂಗಳ ನಂತರ ಅದೇ ಫೋಟೋ ನಮ್ಮ ಮೊಬೈಲಿಗೆ ವಾಪಸ್ ಬಂತು. ಅದರ ಕೆಳಗೆ ಬರೆದಿತ್ತು: "ಟಿಪ್ಪು ಸುಲ್ತಾನರ ಖಜಾನೆಯ ರಹಸ್ಯ ಲೆಕ್ಕ"!

ದಾದಿ ನಕ್ಕರು. ನನಗೆ ನಗು ಬರಲಿಲ್ಲ. ಹಳೆಯ ಕಾಗದ ನೋಡುವುದೇ ಉದ್ಯೋಗವಾಗಿರುವವರು ಇಂಥದ್ದನ್ನು ಹೇಗೆ ಪರೀಕ್ಷಿಸುತ್ತಾರೆ, ಒಬ್ಬರನ್ನೊಬ್ಬರು ಏನು ಕೇಳುತ್ತಾರೆ, ಆನ್‌ಲೈನ್‌ನಲ್ಲಿ ಹೇಗೆ ಮಾತಾಡುತ್ತಾರೆ ಎಂದು ಹುಡುಕುತ್ತಾ ಹೋದೆ. ಅದರಲ್ಲಿ ನಮ್ಮೆಲ್ಲರಿಗೂ ಉಪಯೋಗವಾಗುವ ವಿಷಯಗಳನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಆರ್ಕೈವಿಸ್ಟ್ ಎಂದರೆ ಯಾರು?

ಗ್ರಂಥಾಲಯದ ಪುಸ್ತಕಕ್ಕೆ ಸಾವಿರ ಪ್ರತಿಗಳಿರುತ್ತವೆ. ಒಂದು ಕಳೆದರೆ ಇನ್ನೊಂದು ತರಿಸಬಹುದು. ಪತ್ರಾಗಾರದಲ್ಲಿರುವ ಕಡತ, ಪತ್ರ, ನಕ್ಷೆಗಳಿಗೆ ಸಾಮಾನ್ಯವಾಗಿ ಒಂದೇ ಪ್ರತಿ. ಅದನ್ನು ಕಾಯುವವರು, ವಿಂಗಡಿಸುವವರು, ಕೇಳಿದವರಿಗೆ ತೆಗೆದು ತೋರಿಸುವವರು ಆರ್ಕೈವಿಸ್ಟರು. ಭಾರತದ ರಾಷ್ಟ್ರೀಯ ಪತ್ರಾಗಾರ 1891ರ ಮಾರ್ಚ್ 11ರಂದು ಕಲ್ಕತ್ತಾದಲ್ಲಿ ಆರಂಭವಾಗಿ ನಂತರ ದೆಹಲಿಗೆ ಬಂತು. ನಮ್ಮ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಬೆಂಗಳೂರಿನ ವಿಧಾನಸೌಧದಲ್ಲಿದೆ.

ಕಾಮರ್ಸ್ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ವೋಚರ್ ಇಲ್ಲದೆ ಎಂಟ್ರಿ ಮಾಡಬಾರದು ಎಂದು ನಮಗೆ ಮೊದಲ ದಿನವೇ ಹೇಳಿಕೊಟ್ಟಿದ್ದಾರೆ. ಕಂಪನಿಗಳ ಕಾಯ್ದೆ 2013ರ ಪ್ರಕಾರ ಕಂಪನಿ ತನ್ನ ಲೆಕ್ಕಪುಸ್ತಕಗಳನ್ನೂ ವೋಚರ್‌ಗಳನ್ನೂ ಕನಿಷ್ಠ 8 ಹಣಕಾಸು ವರ್ಷ ಇಟ್ಟುಕೊಳ್ಳಬೇಕು. ಆರ್ಕೈವಿಸ್ಟರ ಕೆಲಸವೂ ಇಂಥದ್ದೇ. ವ್ಯತ್ಯಾಸ ಏನೆಂದರೆ ಅವರ ಲೆಕ್ಕದಲ್ಲಿ 8 ವರ್ಷಕ್ಕೆ ಮುಗಿಯುವುದಿಲ್ಲ.

ಅವರ ಮೊದಲ ಪ್ರಶ್ನೆ "ಇದರಲ್ಲಿ ಏನು ಬರೆದಿದೆ?" ಎಂದಲ್ಲ. "ಇದು ಎಲ್ಲಿಂದ ಬಂತು? ಯಾರ ಕೈಯಿಂದ ಯಾರ ಕೈಗೆ ಬಂತು?" ಎಂದು. ನಮ್ಮಲ್ಲಿ ದೀನಿಯಾತ್ ಕಲಿತವರಿಗೆ ಇದು ಹೊಸದಲ್ಲ. ಹದೀಸ್‌ಗೆ ಸನದ್ ಇರಬೇಕು, ಯಾರಿಂದ ಯಾರು ಕೇಳಿದರು ಎಂಬ ಕೊಂಡಿ ತಪ್ಪಬಾರದು. ಕೊಂಡಿ ತಪ್ಪಿದರೆ ಮಾತು ಎಷ್ಟು ಚೆನ್ನಾಗಿದ್ದರೂ ವಿದ್ವಾಂಸರು ಅನುಮಾನಿಸುತ್ತಾರೆ. ಕಾಗದಕ್ಕೂ ಒಂದು ಸನದ್ ಬೇಕು ಎನ್ನುವುದೇ ಆರ್ಕೈವಿಸ್ಟರ ಮೊದಲ ಪಾಠ.

ಅವರು ಒಬ್ಬರನ್ನೊಬ್ಬರು ಕೇಳುವುದೇಕೆ?

ನಮ್ಮ ಜಿಲ್ಲೆಯನ್ನೇ ನೋಡಿ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಆಮೇಲೆ ಬಹಳ ಕಾಲ ಬೆಂಗಳೂರಿನಲ್ಲಿದ್ದ ಮೈಸೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್ ಕೂಡ ಆಗಿದ್ದರು. ಸ್ವಾತಂತ್ರ್ಯದ ನಂತರ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತ ಹೋದಲ್ಲೆಲ್ಲ ಕಾಗದವೂ ಹೋಗುತ್ತದೆ. ಹಾಗಾಗಿ ಕೊಡಗಿನ ಕಥೆ ಓದಬೇಕಾದವರು ಮಡಿಕೇರಿ, ಬೆಂಗಳೂರು, ದೆಹಲಿ ಮತ್ತು ಲಂಡನ್ನಿನ ಕಡತಗಳನ್ನು ಕೂಡಿಸಿ ನೋಡಬೇಕು. ಕನ್ನಡ, ಇಂಗ್ಲಿಷ್, ಪಾರ್ಸಿ, ಉರ್ದು ಎಲ್ಲವನ್ನೂ ಓದಬಲ್ಲ ಒಬ್ಬನೇ ವ್ಯಕ್ತಿ ಸಿಗುವುದು ಕಷ್ಟ.

ಸಣ್ಣ ಸಂಸ್ಥೆಗಳಲ್ಲಿ ಆರ್ಕೈವಿಸ್ಟ್ ಒಬ್ಬರೇ ಇರುತ್ತಾರೆ. ಪಕ್ಕದ ಮೇಜಿನವರನ್ನು ಕೇಳೋಣ ಎಂದರೆ ಪಕ್ಕದಲ್ಲಿ ಯಾರೂ ಇಲ್ಲ. ಅದಕ್ಕೇ 1990ರ ದಶಕದಿಂದಲೂ ಅವರು ಇಮೇಲ್ ಬಳಗಗಳಲ್ಲಿ, ಈಗ ಸಾಮಾಜಿಕ ಜಾಲತಾಣಗಳಲ್ಲಿ, ಕೆಲಸದ ಪ್ರಶ್ನೆಗಳನ್ನು ಹಂಚಿಕೊಳ್ಳುತ್ತಾರೆ. ಈ ಫಂಗಸ್ ಹೇಗೆ ತೆಗೆಯುವುದು? ಈ ಮುದ್ರೆ ಯಾವ ಕಚೇರಿಯದ್ದು? ಬದುಕಿರುವವರ ಹೆಸರಿರುವ ಪತ್ರವನ್ನು ತೋರಿಸಬಹುದೇ? 2014ರಿಂದ ಅಮೆರಿಕದ ಆರ್ಕೈವಿಸ್ಟರು ವರ್ಷಕ್ಕೊಂದು ದಿನ ಟ್ವಿಟರ್‌ನಲ್ಲಿ "ಆರ್ಕೈವಿಸ್ಟರನ್ನು ಕೇಳಿ" ಎಂದು ಜನಸಾಮಾನ್ಯರ ಪ್ರಶ್ನೆಗಳಿಗೂ ಉತ್ತರ ಕೊಡಲು ಶುರುಮಾಡಿದರು.

ಕರ್ನಾಟಕದಲ್ಲೂ ಇದು ನಡೆಯುತ್ತಿದೆ. ಬೆಂಗಳೂರಿನ ಎನ್‌ಸಿಬಿಎಸ್ ವಿಜ್ಞಾನ ಸಂಸ್ಥೆಯಲ್ಲಿ 2019ರಲ್ಲಿ ಸಾರ್ವಜನಿಕರಿಗೂ ತೆರೆದ ಪತ್ರಾಗಾರವೊಂದು ಆರಂಭವಾಯಿತು. ಪತ್ರಾಗಾರಗಳಲ್ಲಿ ಆಸಕ್ತಿ ಇರುವವರು ಸೇರಿ ಮಾಡಿಕೊಂಡ "ಮಿಲ್ಲಿ" ಎಂಬ ಬಳಗ ಆನ್‌ಲೈನ್ ಮಾತುಕತೆಗಳನ್ನು ನಡೆಸುತ್ತದೆ.

ಇನ್ನೊಂದು ಉದಾಹರಣೆ ಕಾಗದದ್ದಲ್ಲ, ಕಲ್ಲಿನದ್ದು. ಬಿ.ಎಲ್. ರೈಸ್ ಅವರು "ಎಪಿಗ್ರಾಫಿಯಾ ಕರ್ನಾಟಿಕಾ" ಎಂಬ ಶಾಸನ ಸಂಪುಟಗಳನ್ನು ಹೊರತಂದರು. 1886ರಲ್ಲಿ ಬಂದ ಮೊದಲನೆಯ ಸಂಪುಟವೇ ನಮ್ಮ ಕೊಡಗಿನ ಶಾಸನಗಳದ್ದು! ಬೆಂಗಳೂರು ಜಿಲ್ಲೆಯದ್ದು 1905ರಲ್ಲಿ ಬಂದ ಒಂಬತ್ತನೆಯ ಸಂಪುಟ. ನೂರು ವರ್ಷಗಳ ನಂತರ ಬೆಂಗಳೂರಿನ ಕೆಲವು ಆಸಕ್ತರು ಆ ಪಟ್ಟಿ ಹಿಡಿದು ಕಲ್ಲುಗಳನ್ನು ಹುಡುಕುತ್ತಾ ಫೇಸ್‌ಬುಕ್ ಗುಂಪು ಕಟ್ಟಿದರು. ತಮ್ಮ ಬೀದಿಯ ಕಲ್ಲಿನ ಫೋಟೋವನ್ನು ಯಾರು ಬೇಕಾದರೂ ಕಳಿಸಬಹುದು. ಓದಲು ಬಲ್ಲವರು ಓದುತ್ತಾರೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲನ್ನು ಜನರ ಗಮನಕ್ಕೆ ತಂದು ಉಳಿಸಿಕೊಂಡದ್ದು ಇಂಥ ಆಸಕ್ತರೇ. ಈಗ ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಇಡಲಾಗುತ್ತಿದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕಲ್ಲನ್ನು ಉಳಿಸಿದ್ದು ಲೈಕ್‌ಗಳಲ್ಲ. ಎಲ್ಲಿ ಸಿಕ್ಕಿತು, ರೈಸ್ ಪಟ್ಟಿಯಲ್ಲಿ ಇದೆಯೇ, ಅಳತೆ ಎಷ್ಟು ಎಂದು ಕೇಳಿ ಬರೆದಿಟ್ಟುಕೊಂಡ ಶಿಸ್ತು ಅದನ್ನು ಉಳಿಸಿತು.

ನಮ್ಮ ಪ್ರಶ್ನೆ, ಅವರ ಪ್ರಶ್ನೆ

ನಮ್ಮ ಮನೆಯ ಪುಸ್ತಕಕ್ಕೆ ಬರುತ್ತೇನೆ. ಹೆಸರುಗಳು ಉರ್ದುವಿನಲ್ಲಿವೆ, ಓದಬಹುದು. ಆದರೆ ಮೊತ್ತದ ಜಾಗದಲ್ಲಿ ಅಂಕಿಗಳಿಲ್ಲ, ಬಾಲ ಬಿಟ್ಟ ಗೀಟುಗಳಂಥ ಗುರುತುಗಳಿವೆ. ಅಬ್ಬಾಗೂ ಅರ್ಥವಾಗಲಿಲ್ಲ. ನಮ್ಮ ಉಪನ್ಯಾಸಕರೊಬ್ಬರು ತಮ್ಮ ಪರಿಚಯದ ನಿವೃತ್ತ ಆರ್ಕೈವಿಸ್ಟರಿಗೆ ಫೋಟೋ ಕಳಿಸಿದರು. ಅವರು ಉತ್ತರ ಹೇಳುವ ಮೊದಲು ತಾವೇ ನಾಲ್ಕು ಪ್ರಶ್ನೆ ಕೇಳಿದರು. ಪುಸ್ತಕ ಯಾರ ಹತ್ತಿರ ಇತ್ತು? ಯಾವ ಊರಿನಲ್ಲಿ? ಪೂರ್ತಿ ಪುಟದ ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದದ್ದು ಇದೆಯೇ? ಪುಸ್ತಕದ ನಡುವೆ ಬೇರೆ ಚೀಟಿಗಳು ಸಿಕ್ಕಿದ್ದರೆ ಯಾವ ಪುಟದಲ್ಲಿ?

ಚೀಟಿ ಇತ್ತು. ಅದು "ಫ್ರೇಜರ್‌ಪೇಟೆ" ಎಂದು ಮುದ್ರಿಸಿದ ಹಳೆಯ ಬಿಲ್ಲು. ಕುಶಾಲನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕರ್ನಲ್ ಫ್ರೇಜರ್ ಹೆಸರಿನಿಂದ ಬಂದ ಹೆಸರು ಅದು. ಅಂದರೆ ಟಿಪ್ಪು ತೀರಿಕೊಂಡ 1799ಕ್ಕೂ ಈ ಪುಸ್ತಕಕ್ಕೂ ಸಂಬಂಧವೇ ಇಲ್ಲ. ಇನ್ನೂ ಗಟ್ಟಿ ಸಾಕ್ಷಿ ಪುಸ್ತಕದೊಳಗೇ ಇತ್ತು. ಮೊದಲರ್ಧದಲ್ಲಿ ರೂಪಾಯಿ, ಆಣೆ, ಪೈ. ಅಂದರೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಒಂದು ಪುಟದಿಂದ ಮುಂದೆ ಆಣೆ ನಿಂತು ನಯಾ ಪೈಸೆ ಶುರುವಾಗುತ್ತದೆ. ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಪುಸ್ತಕದ ಕಾಲ ತಾನಾಗಿಯೇ ಹೊರಬಿತ್ತು.

ಆ ಗುರುತುಗಳಿಗೆ "ರಕಮ್" ಎಂದು ಹೆಸರಂತೆ. ಅರಬ್ಬಿ ಸಂಖ್ಯಾಪದಗಳನ್ನೇ ಚುಟುಕು ಮಾಡಿ ಬರೆಯುವ ಲೆಕ್ಕದ ಬರಹ. ಇದನ್ನು ಸಿಯಾಕ್ ಎಂದೂ ಕರೆಯುತ್ತಾರೆ. ಹಿಂದೆ ದಖ್ಖನಿನಲ್ಲೂ ಉತ್ತರ ಭಾರತದಲ್ಲೂ ಗುಮಾಸ್ತರು ಬಳಸುತ್ತಿದ್ದರು. ಈಗ ಓದುವವರು ತೀರಾ ಕಡಿಮೆ. 2018ರಲ್ಲಿ ಈ ಗುರುತುಗಳಿಗೆ ಯೂನಿಕೋಡ್‌ನಲ್ಲೂ ಜಾಗ ಸಿಕ್ಕಿದೆ. ಹಾಗಾಗಿ ಇವನ್ನು ಕಂಪ್ಯೂಟರಿನಲ್ಲಿ ದಾಖಲಿಸಲು ಸಾಧ್ಯ.

ಕತ್ತರಿಸಿದ ಭಾಗದಲ್ಲಿ ಏನಿತ್ತು?

ಫೋಟೋ ಊರೆಲ್ಲ ತಿರುಗುತ್ತಿದ್ದಾಗ ನಮ್ಮ ಪರಿಚಯದ ಒಬ್ಬ ಹಿರಿಯರು ಮನೆಗೆ ಬಂದರು. ಅವರಿಗೆ ಉರ್ದು ಬರುತ್ತದೆ. "ನಮ್ಮ ಅಜ್ಜ ನಿಮ್ಮ ಅಂಗಡಿಗೆ ಸಾಲಗಾರ ಅಂತ ಮೊಬೈಲಿನಲ್ಲಿ ಸಾರಬೇಕಿತ್ತಾ?" ಎಂದರು. ಅಬ್ಬಾಗೆ ಏನು ಹೇಳಬೇಕೋ ತೋಚಲಿಲ್ಲ. ದಾದಿ ಎದ್ದು ಹೋಗಿ ಪುಸ್ತಕ ತಂದು ಆ ಪುಟ ತೆಗೆದು ತೋರಿಸಿದರು. ಕಸಿನ್ ಕತ್ತರಿಸಿದ್ದ ಕೆಳಭಾಗದಲ್ಲಿ ಉದ್ದಕ್ಕೂ ಒಂದು ಗೀಟು, ಅದರ ಪಕ್ಕ ಮುತ್ತಜ್ಜನ ಕೈಬರಹದಲ್ಲಿ ಒಂದೇ ಪದ: "ಮಾಫ್". ಇಡೀ ಪುಟದ ಸಾಲವನ್ನು ಅವರು ಬಿಟ್ಟುಕೊಟ್ಟಿದ್ದರು. ಆ ಹಿರಿಯರು ಸ್ವಲ್ಪ ಹೊತ್ತು ಅದನ್ನೇ ನೋಡಿ, ಚಹಾ ಕುಡಿದು ಹೋದರು.

ಎರಡಿಂಚು ಕಾಗದ ಕತ್ತರಿಸಿದ್ದಕ್ಕೆ ಮಾಫಿಯ ಪುಟ ಸಾಲದ ಪುಟವಾಯಿತು. ಐದು ಪದದ ಸುಳ್ಳು ಶೀರ್ಷಿಕೆಗೆ ಅಂಗಡಿ ಲೆಕ್ಕ ಖಜಾನೆಯಾಯಿತು. ನಮ್ಮ ಜಿಲ್ಲೆಯಲ್ಲಿ ಇತಿಹಾಸದ ಹೆಸರಿನ ಫಾರ್ವರ್ಡ್‌ಗಳು ಒಂದೇ ಬೆಂಚಿನ ಗೆಳೆಯರ ನಡುವೆ ಮುನಿಸು ತಂದದ್ದನ್ನು ನಾವು ಕಂಡಿದ್ದೇವೆ. ಯಾರ ಪರವಾಗಿದ್ದರೂ, ಮೂಲ ಹೇಳದ ಫೋಟೋ ಸಾಕ್ಷಿಯಲ್ಲ. ಸುದ್ದಿ ಬಂದಾಗ ಪರಿಶೀಲಿಸಿ ಎಂದು ಸೂರಃ ಹುಜುರಾತ್ ನಮಗೆ ಕಲಿಸುವುದೂ ಇದನ್ನೇ.

ಹಂಚುವುದು ಬೇರೆ, ಕಾಪಾಡುವುದು ಬೇರೆ

"ಗ್ರೂಪಿನಲ್ಲಿ ಹಾಕಿದ್ದೇನೆ, ಇನ್ನು ಕಳೆಯುವುದಿಲ್ಲ" ಎಂದು ನಾವು ತಿಳಿಯುತ್ತೇವೆ. ಇದು ಸರಿಯಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ ಅದು ಕುಗ್ಗುತ್ತದೆ, ಯಾವಾಗ ಎಲ್ಲಿ ತೆಗೆದದ್ದು ಎಂಬ ಮಾಹಿತಿಯೂ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲ್ ಹಾಗೇ ಹೋಗುತ್ತದೆ. ನಮ್ಮ ಅಣ್ಣಂದಿರ ಕಾಲದ ಆರ್ಕುಟ್ 2014ರಲ್ಲಿ ಮುಚ್ಚಿತು. ಮೈಸ್ಪೇಸ್ ಎಂಬ ತಾಣ 12 ವರ್ಷ ಜನರು ಹಾಕಿದ್ದ ಹಾಡುಗಳನ್ನು ಕಳೆದುಕೊಂಡದ್ದು 2019ರಲ್ಲಿ ಸುದ್ದಿಯಾಯಿತು.

ಆರ್ಕೈವಿಸ್ಟರೂ ಇಲ್ಲಿ ಎಡವಿದ್ದಾರೆ. 1936ರಲ್ಲಿ ಸ್ಥಾಪನೆಯಾದ ಅಮೆರಿಕದ ಆರ್ಕೈವಿಸ್ಟರ ಸಂಘದ ಇಮೇಲ್ ಬಳಗದಲ್ಲಿ ವರ್ಷಗಟ್ಟಲೆ ಚರ್ಚೆ ನಡೆದಿತ್ತು. 2007ರಲ್ಲಿ ಆ ಹಳೆಯ ಚರ್ಚೆಗಳನ್ನು ಉಳಿಸುವ ಅಗತ್ಯವಿಲ್ಲ ಎಂದು ಸಂಘ ತೀರ್ಮಾನಿಸಿತು. ದಾಖಲೆ ಕಾಯುವವರೇ ತಮ್ಮ ದಾಖಲೆ ಎಸೆಯುವುದೇ ಎಂದು ಸದಸ್ಯರು ತಕರಾರು ತೆಗೆದರು. ಕೊನೆಗೆ ಸಂಘ ಮನಸ್ಸು ಬದಲಿಸಿತು. ಆನ್‌ಲೈನ್ ಮಾತು ಹಗುರ ಎಂದು ಅವರಿಗೂ ಒಮ್ಮೆ ಅನ್ನಿಸಿತ್ತು ಎನ್ನುವುದು ನಮಗೆ ಸಮಾಧಾನ!

ನಾವು ಮಾಡಬಹುದಾದ್ದು

1. ಕಾಗದ ಒದ್ದೆಯಾದರೆ ಬಿಸಿಲಿಗೆ ಇಡಬೇಡಿ, ಇಸ್ತ್ರಿ ಹಾಕಬೇಡಿ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಹಾಳೆಗಳ ನಡುವೆ ಮುದ್ರಣವಿಲ್ಲದ ಬಿಳಿ ಕಾಗದ ಇಟ್ಟು ಒಣಗಿಸಿ. ಅಂಟಿಕೊಂಡ ಹಾಳೆಗಳನ್ನು ಎಳೆಯಬೇಡಿ.

2. ಸೆಲ್ಲೋಟೇಪ್, ಲ್ಯಾಮಿನೇಷನ್ ಬೇಡ. ಟೇಪಿನ ಅಂಟು ಹಳದಿಯಾಗಿ ಕಾಗದವನ್ನು ತಿನ್ನುತ್ತದೆ. ಲ್ಯಾಮಿನೇಷನ್ ಮಾಡಿದ್ದನ್ನು ಸುಲಭವಾಗಿ ಬಿಡಿಸಲಾಗದು.

3. ಫೋಟೋ ತೆಗೆಯುವಾಗ ಪೂರ್ತಿ ಪುಟ, ನಾಲ್ಕು ಅಂಚು ಕಾಣುವಂತೆ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಹಿಂಬದಿಯನ್ನೂ ತೆಗೆಯಿರಿ.

4. ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ: ಯಾರದ್ದು, ಯಾವ ಊರು, ಯಾರಿಂದ ಬಂತು, ಹೇಳಿದವರು ಯಾರು. ಮನೆಯ ಹಿರಿಯರು ಇರುವಾಗಲೇ ಕೇಳಿ.

5. ಆನ್‌ಲೈನ್‌ನಲ್ಲಿ ಕೇಳುವಾಗ ಈ ಚೀಟಿಯ ವಿವರವನ್ನೂ ಜೊತೆಗೆ ಕೊಡಿ. ಉತ್ತರ ಹೇಳಿದವರು ಹೇಗೆ ಗೊತ್ತಾಯಿತು ಎಂದು ಹೇಳಿದರೆ ಮಾತ್ರ ನಂಬಿ.

6. ಆಧಾರ್, ಆಸ್ತಿ ಪತ್ರ, ಸಾಲ, ಕಾಯಿಲೆ, ತಲಾಕ್ ಇಂಥ ವಿಷಯವಿರುವ ಕಾಗದವನ್ನು ಗ್ರೂಪಿಗೆ ಹಾಕಬೇಡಿ. ಅದರಲ್ಲಿ ಹೆಸರಿರುವವರ ಮನೆಯವರನ್ನು ಮೊದಲು ಕೇಳಿ.

ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿ ಸ್ಥಾಪನೆಯಾದದ್ದು 1948ರ ಜೂನ್ 9ರಂದು. ಆ ದಿನವನ್ನು ಈಗ ಅಂತರರಾಷ್ಟ್ರೀಯ ಪತ್ರಾಗಾರ ದಿನವಾಗಿ ಆಚರಿಸುತ್ತಾರೆ. ಬರುವ ಜೂನ್ 9ಕ್ಕೆ ನಮ್ಮ ಕಾಲೇಜಿನಲ್ಲೂ ಪ್ರತಿಯೊಬ್ಬರು ಮನೆಯ ಒಂದು ಹಳೆಯ ಕಾಗದದ ಫೋಟೋವನ್ನು, ಅದರ ನಾಲ್ಕು ಸಾಲಿನ ವಿವರದೊಂದಿಗೆ ಗ್ರಂಥಾಲಯಕ್ಕೆ ತಂದರೆ ಹೇಗೆ ಎಂದು ಉಪನ್ಯಾಸಕರನ್ನು ವಿನಂತಿಸುತ್ತೇನೆ. ಕೊಡವ ಮನೆಯದ್ದಾಗಲಿ, ಮಾಪಿಳ್ಳೆ ಮನೆಯದ್ದಾಗಲಿ, ಎಸ್ಟೇಟ್ ಲೈನಿನ ಮನೆಯದ್ದಾಗಲಿ, ಒಂದು ಪಡಿತರ ಚೀಟಿಯೂ ಸಾಕು.

ನಮ್ಮ ಪುಸ್ತಕ ಈಗ ಹತ್ತಿಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿದೆ, ನೀರು ಮುಟ್ಟದ ಎತ್ತರದಲ್ಲಿ. ಜೊತೆಗೆ ಪೆನ್ಸಿಲಿನ ಚೀಟಿ. ದಾದಿ ಹೇಳಿದರು, ನಾನು ಬರೆದೆ. ಕಸಿನ್‌ನಿಂದ ಸಹಿ ಹಾಕಿಸಿದೆವು.