ಗಣಕಯಂತ್ರದ ದಿನಚರಿಯನ್ನು ಓದುವ ಬಗೆ

ಗಣಕಯಂತ್ರವು ತನ್ನೊಳಗೆ ನಡೆಯುವ ಮುಖ್ಯ ಸಂಗತಿಗಳನ್ನು ತಾನೇ ಬರೆದಿಡುತ್ತದೆ. ಈ ಬರವಣಿಗೆಗೆ ‘ಲಾಗ್’ ಎಂದು ಹೆಸರು. ನಾವು ಇದನ್ನು ದಿನಚರಿ ಎನ್ನಬಹುದು. ಅದರಲ್ಲಿ ‘ಎಚ್ಚರಿಕೆ’ ಎಂಬ ಪದ ಕಂಡೊಡನೆ ಯಂತ್ರವು ಕೆಟ್ಟಿತೆಂದು ಕಳವಳಪಡುವವರು ಬಹಳ. ಒಮ್ಮೆ ನಾನೂ ಹಾಗೆಯೇ ಭಾವಿಸಿ, ದಾನವಾಗಿ ಬಂದ ಗಣಕವೊಂದರ ಜಾಲ ಕಾರ್ಡನ್ನು ತೆಗೆಸಿ ಅದೇ ಬಗೆಯ ಹೊಸದನ್ನು ಹಾಕಿಸಿದೆನು. ಹೊಸ ಕಾರ್ಡಿನ ಬಗೆಗೂ ದಿನಚರಿಯಲ್ಲಿ ಅದೇ ಸಾಲು ಮೂಡಿತು! ವೆಚ್ಚವಾದುದು ಶಾಲೆಯ ಹಣ, ತಪ್ಪು ನನ್ನದು. ಅನ್ಯರಿಗೆ ಹಾಗಾಗದಿರಲೆಂದು ಈ ಲೇಖನ.

೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅವರು ಪ್ರಕಟಿಸಿದ ಲಿನಕ್ಸ್ ವ್ಯವಸ್ಥೆಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಅದು ತನ್ನ ಮಾತುಗಳನ್ನು ೦ಯಿಂದ ೭ರವರೆಗೆ ಎಂಟು ದರ್ಜೆಗಳಾಗಿ ವಿಂಗಡಿಸುತ್ತದೆ. ೦ ಎಂದರೆ ವ್ಯವಸ್ಥೆಯೇ ನಿರುಪಯುಕ್ತವಾದ ಸ್ಥಿತಿ, ೩ ದೋಷ, ೪ ಎಚ್ಚರಿಕೆ, ೬ ಕೇವಲ ಮಾಹಿತಿ. ಎಚ್ಚರಿಕೆಯು ದೋಷಕ್ಕಿಂತ ಸೌಮ್ಯವಾದುದೆಂಬುದನ್ನು ಮೊದಲು ಮನಗಾಣಬೇಕು.

ರಿಯಲ್‌ಟೆಕ್ ಸಂಸ್ಥೆಯ ಅನೇಕ ಜಾಲ ಕಾರ್ಡುಗಳನ್ನು ನಡೆಸುವ ಚಾಲಕ ತಂತ್ರಾಂಶಕ್ಕೆ ‘ಆರ್ ೮೧೬೯’ ಎಂದು ಹೆಸರು. ಯಂತ್ರವು ಆರಂಭವಾಗುವಾಗ ಇದರ ಹೆಸರಿನಲ್ಲಿ ಒಂದು ಸಾಲು ಕಾಣಿಸುವುದುಂಟು: ‘ಎ.ಎಸ್.ಪಿ.ಎಂ. ಅನ್ನು ನಿಲ್ಲಿಸಲಾಗದು, ಅದರ ಹತೋಟಿ ವ್ಯವಸ್ಥೆಗೆ ಇಲ್ಲ.’ ಎ.ಎಸ್.ಪಿ.ಎಂ. ಎಂದರೆ, ಕೆಲಸವಿಲ್ಲದಾಗ ಕಾರ್ಡಿಗೂ ಗಣಕಕ್ಕೂ ನಡುವಣ ಸಂಪರ್ಕವನ್ನು ಅರೆನಿದ್ರೆಗೆ ಕಳುಹಿಸಿ ವಿದ್ಯುತ್ತನ್ನು ಉಳಿಸುವ ಏರ್ಪಾಡು. ಕೆಲವು ಕಾರ್ಡುಗಳಿಗೆ ಈ ನಿದ್ರೆ ಒಗ್ಗದ ಕಾರಣ ಚಾಲಕವು ಅದನ್ನು ತಡೆಯಬಯಸುತ್ತದೆ. ಆದರೆ ಆ ಅಧಿಕಾರವನ್ನು ಗಣಕದ ಮೂಲ ತಂತ್ರಾಂಶವಾದ ಬಯೋಸ್ ತನ್ನಲ್ಲಿಯೇ ಇರಿಸಿಕೊಂಡಿದ್ದರೆ, ಕೋರಿಕೆ ನಡೆಯದು. ದೀಪವನ್ನು ಆರಿಸಬೇಡಿರೆಂದು ಅತಿಥಿಯು ಕೇಳಿದಾಗ, ಗುಂಡಿ ಮನೆಯೊಡೆಯರ ಕೋಣೆಯಲ್ಲಿದೆ ಎಂದು ಉತ್ತರ ಬಂದಂತೆ! ಬಹುಪಾಲು ಯಂತ್ರಗಳಲ್ಲಿ ಕಾರ್ಡು ಮುಂದೆಯೂ ನಿರಾತಂಕವಾಗಿ ದುಡಿಯುತ್ತದೆ.

ಹಾಗೆಂದು ಎಲ್ಲ ಎಚ್ಚರಿಕೆಗಳನ್ನೂ ಕಡೆಗಣಿಸಬಹುದೆ? ಕೂಡದು. ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲನೆಯದು: ಆ ಸಾಲು ಆರಂಭದಲ್ಲಿ ಒಮ್ಮೆ ಮಾತ್ರ ಬಂದಿತೆ, ಅಥವಾ ಕೆಲಸದ ನಡುವೆ ಮರುಕಳಿಸುತ್ತಿದೆಯೆ? ಎರಡನೆಯದು: ಅದರ ತರುವಾಯ ಜಾಲದ ಕೊಂಡಿ ಸಿದ್ಧವಾಯಿತೆಂಬ ಸಾಲು, ತಕ್ಕ ವೇಗದೊಡನೆ, ಬಂದಿದೆಯೆ? ಮೂರನೆಯದು: ಕಾರ್ಡಿನ ಲೆಕ್ಕದಲ್ಲಿ ದೋಷಗಳ ಎಣಿಕೆ ಏರುತ್ತಿದೆಯೆ? ಒಮ್ಮೆ ಮಾತ್ರ ಬಂದು, ಕೊಂಡಿ ಸಿದ್ಧವಾಗಿ, ಎಣಿಕೆಯೂ ಏರದಿದ್ದರೆ ನಿಶ್ಚಿಂತೆಯಿಂದಿರಬಹುದು. ಆದರೆ ‘ರವಾನೆಯ ಸರತಿಯ ಕಾಲ ಮೀರಿತು’ ಎಂಬ ಸಾಲು ಮತ್ತೆ ಮತ್ತೆ ಬಂದು ಸಂಪರ್ಕ ಕಡಿಯುತ್ತಿದ್ದರೆ ಅದು ನಿಜವಾದ ತೊಂದರೆ, ಕೂಡಲೇ ಪರೀಕ್ಷಿಸಬೇಕು.

ಅತಿಯಾದ ಅಂಜಿಕೆಯಿಂದ ಹಣ ಪೋಲಾಗುತ್ತದೆ. ಅತಿಯಾದ ಉಪೇಕ್ಷೆಯಿಂದ ಯಂತ್ರ ಹಾಳಾಗುತ್ತದೆ. ಇವೆರಡರ ನಡುವಣ ವಿವೇಕವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು ಶಿಕ್ಷಕರಾದ ನಮ್ಮ ಹೊಣೆ. ದಾನಿಗಳು ನೀಡಿದ ಒಂದೊಂದು ಯಂತ್ರವೂ ಪೂರ್ಣಾಯುಷ್ಯ ಬಾಳಬೇಕಾದರೆ, ಅದರ ಮಾತನ್ನು ಪೂರ್ತಿಯಾಗಿ ಓದಿ ಅರ್ಥಮಾಡಿಕೊಂಡ ಮೇಲೆಯೇ ತೀರ್ಪು ನೀಡುವ ಅಭ್ಯಾಸ ನಮ್ಮಲ್ಲಿ ಮೊದಲು ಬರಬೇಕು.