ಹೀಟರ್ ತಗೊಳ್ಳೂಕಿಂತ ಮೊದಲು

ತಮ್ಮಾ, ಹಳೇ ಟೆಂಪೊ ಟ್ರಾವೆಲರ್ ತಂದು ಕಪನೂರಿನ ಗ್ಯಾರೇಜಿನಾಗ ಸೀಟು ಕಿತ್ತಿಸಿದಿ. ಮಂಚ ಬಂತು, ಪರದೆ ಬಂತು, ಗ್ಯಾಸಿನ ಒಲಿಗೂ ಜಾಗ ಆಯ್ತು. ಭೇಷ್! ನಿನ್ನ ಕೈಯಾಗ ಕೆಲಸ ಅದ. ಆರ್‌ಟಿಒ ಅನುಮತಿ ತಗೊಂಡಿಯೋ ಇಲ್ಲೋ ಅದು ಬ್ಯಾರೆ ಮಾತು, ನಾಳೆ ಬೈತೀನಿ. ಇವತ್ತು ಹೀಟರಿಂದಷ್ಟ ಮಾತು. ಜನವರ್ಯಾಗ ಮನಾಲಿಗೆ ಹೋಗ್ತೀನಿ ಅಂತ ಫೋನಿನಾಗ ಕಂಡ ಮೊದಲನೇದಕ್ಕ ರೊಕ್ಕ ಕಟ್ಟಲಿಕ್ಕ ಹೊಂಟಿಯಲ್ಲ, ಅಲ್ಲೇ ತಡಿ.

ಕರೆಂಟಿನ ಹೀಟರ್ ಬೇಕಂದದ್ದು ಶಾಣ್ಯಾತನ. ಬೆಂಕಿ ಹಚ್ಚಿ ಬಾಗಿಲು ಹಾಕ್ಕೊಂಡು ಮಲಗಿದವರ ಸುದ್ದಿ ಓದಿದಾಗೆಲ್ಲ ನನ್ನ ಎದಿ ಝಲ್ಲಂತದ. 2025ರ ನವೆಂಬರದಾಗ ನಮ್ಮ ಬೆಳಗಾವಿ ಅಮನ್ ನಗರದಾಗ ಥಂಡಿಗೆ ಇದ್ದಿಲು ಹಚ್ಚಿ ಮಲಗಿದ ಮೂರು ಹುಡುಗರು ಮುಂಜಾನೆ ಏಳಲಿಲ್ಲ. 2020ರ ಜನವರ್ಯಾಗ ನೇಪಾಳದ ದಾಮನ್‌ದಾಗ ಕೇರಳದ ಎಂಟು ಮಂದಿ, ಅವರಾಗ ನಾಕು ಕೂಸುಗಳು, ಗ್ಯಾಸ್ ಹೀಟರ್ ಇಟ್ಕೊಂಡು ಮಲಗಿದ ಕೋಣ್ಯಾಗೇ ಹೋದರು. ಮುಚ್ಚಿದ ಕೋಣ್ಯಾಗ ಬೆಂಕಿಯಿಂದ ಹುಟ್ಟೋ ಕಾರ್ಬನ್ ಮಾನಾಕ್ಸೈಡ್ ವಿಷಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ಹಂಗಾಗಿ ಗಾಡ್ಯಾಗಿನ ಗ್ಯಾಸಿನ ಒಲಿ ಅಡಗಿಗಷ್ಟ. ಕೈ ಕಾಸಿಕೊಳ್ಳಲಿಕ್ಕ ಅಂತ ಒಂದು ನಿಮಿಷನೂ ಹಚ್ಚಬ್ಯಾಡ.

ಈಗ ಹೇಳು, ಕರೆಂಟ್ ಎಲ್ಲಿಂದ ತರ್ತಿ? ಬ್ಯಾಟರಿ ಅದಲ್ಲ ಅಂತಿ. ಲೆಕ್ಕ ಹಾಕು. 12 ವೋಲ್ಟಿನ 150 ಎಎಚ್ ಬ್ಯಾಟರ್‍ಯಾಗ ತುಂಬಿದ್ರ 1800 ವ್ಯಾಟ್‌ ತಾಸಿನ ಕರೆಂಟ್. ಲೆಡ್ ಆಸಿಡ್ ಬ್ಯಾಟರಿ ಬಾಳಬೇಕಂದ್ರ ಅದರಾಗ ಅರ್ಧಾನೇ ಮುಟ್ಟಬೇಕು. 1500 ವ್ಯಾಟಿನ ಹೀಟರ್ ಹಚ್ಚಿದಿ ಅಂದ್ರ ಅರ್ಧ ತಾಸಿನಾಗ ಆಟ ಮುಗೀತು. ಅಷ್ಟರಾಗ ಬ್ಯಾಟರಿ ವೈರಿನಾಗ 125 ಆಂಪಿಯರಿಗಿಂತ ಜಾಸ್ತಿ ಹರೀತದ. ತೆಳ್ಳನ ವೈರ್ ಹಾಕಿದ್ರ ಹೀಟರಿಗಿಂತ ಮೊದಲು ವೈರೇ ಕಾಯ್ತದ. ಸಿಗರೇಟ್ ಸಾಕೆಟ್ಟಿಗೆ ಹಚ್ಚೋ ಸಣ್ಣ ಹೀಟರ್ 150 ವ್ಯಾಟಿನ ಆಸುಪಾಸಿಂದು. ಗ್ಲಾಸಿನ ಮ್ಯಾಗಿನ ಮಂಜು ಒರಸಲಿಕ್ಕ ಅಷ್ಟ ಆದೀತು, ಅದಕ್ಕ ರೊಕ್ಕ ಹಾಳು ಮಾಡಬ್ಯಾಡ. ಹೀಟರ್ ಏನಿದ್ರೂ ಲಾಡ್ಜ್, ಕ್ಯಾಂಪು, ಯಾವುದೋ ಒಂದು ಕಡೆ 230 ವೋಲ್ಟಿನ ಲೈನ್ ಸಿಕ್ಕಾಗಿನ ಮಾತು.

ಕಪನೂರಿನ ಬ್ಯಾಳಿ ಮಿಲ್ಲಿನಾಗ ಮೋಟಾರು, ಬೋರ್ಡು ರಿಪೇರಿ ಮಾಡ್ತನೇ ನನ್ನ ಕೂದಲು ಬೆಳ್ಳಗಾಗ್ಯಾವ. ಕರಗಿದ ಪ್ಲಗ್ಗು ಎಷ್ಟೋ ಕಿತ್ತೀನಿ, ಬಹಳಷ್ಟು ಕಡೆ ಕಾರಣ ಒಂದೇ: ದೊಡ್ಡ ಸಾಮಾನು, ಸಣ್ಣ ಸಾಕೆಟ್ಟು. ಹೀಟರಿಗೆ 16 ಆಂಪಿಯರ್ ಸಾಕೆಟ್ಟೇ ಬೇಕು, ಮೂರು ಪಿನ್ನಿಂದೇ ಬೇಕು. ಮೊಬೈಲ್ ಚಾರ್ಜ್ ಮಾಡೋ ಎಕ್ಸ್‌ಟೆನ್ಷನ್ ಬೋರ್ಡು ನಡೆಯಂಗಿಲ್ಲ. ಉದ್ದ ವೈರ್ ತಂದ್ರ 2.5 ಸ್ಕ್ವೇರ್ ಎಂಎಂ ತಾಮ್ರದ್ದು ತಾ, ಸುರುಳಿ ಪೂರಾ ಬಿಚ್ಚಿ ಹಾಸು. ಸುತ್ತಿಟ್ಟ ವೈರ್ ಒಳಗೊಳಗೇ ಕಾಯ್ತದ.

ಇನ್ನೊಂದು ಮಾತು, ಇದನ್ನ ಮರೀಬ್ಯಾಡ. ನಿನ್ನ ಗಾಡಿ ಮೈಯೆಲ್ಲ ತಗಡು, ಕೆಳಗ ರಬ್ಬರಿನ ಟೈರು. ಎಲ್ಲಾರ ವೈರ್ ತಿಕ್ಕಿ ತಗಡಿಗೆ ಹತ್ತಿದ್ರ ಇಡೀ ಗಾಡಿಗೆ ಕರೆಂಟ್. ಒಳಗ ಕುಂತ ನಿನಗ ಗೊತ್ತಾಗಂಗಿಲ್ಲ, ಹಸಿ ನೆಲದ ಮ್ಯಾಲ ನಿಂತು ಬಾಗಿಲಿಗೆ ಕೈ ಹಚ್ಚಿದವಗ ಗೊತ್ತಾಗ್ತದ. ಅರ್ಥಿಂಗ್ ವೈರ್ ಚಾಸಿಗೆ ಕೂಡಿಸು. ಲೈನ್ ಒಳಗ ಬರೋ ಜಾಗದಾಗೇ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯೋ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂಡಿಸು. ಪರದೆ ಹೊಲಿಸಿದ ರೊಕ್ಕದಾಗ ಬಂದು ಹೋಗ್ತಿತ್ತು ಅದು!

ಹೀಟರ್ ಆರಿಸೂವಾಗ ಒಂದೇ ಪ್ರಶ್ನೆ ಕೇಳು: ನಾ ನಿದ್ದಿ ಹೋದಾಗ ಇದು ಏನು ಮಾಡ್ತದ? ಕೆಂಪಗ ಉರಿಯೋ ರಾಡಿಂದು ಬ್ಯಾಡವೇ ಬ್ಯಾಡ. ಗಾಡ್ಯಾಗ ಎತ್ತ ಕಾಲು ಚಾಚಿದ್ರೂ ಹಾಸಿಗಿ, ಪರದೆ. ಎಣ್ಣಿ ತುಂಬಿದ್ದು ನಿಧಾನಕ್ಕ ಕಾಯ್ತದ, ಒಳ್ಳೇದೇ. ಆದ್ರ ಭಾರ, ಓಡೋ ಗಾಡ್ಯಾಗ ಬಿಗಿದು ಕಟ್ಟಬೇಕು. ನನ್ನ ಕೇಳಿದ್ರ ಸಿರಾಮಿಕ್ ಪಿಟಿಸಿ ಹೀಟರ್ ತಗೋ, 1000 ವ್ಯಾಟ್ ಸಾಕು. ಆ ಸಿರಾಮಿಕ್ ಬಿಲ್ಲಿ ಕಾದಷ್ಟೂ ಕರೆಂಟ್ ಎಳೆಯೋದು ತಾನೇ ಕಮ್ಮಿ ಮಾಡ್ತದ. ಐಎಸ್‌ಐ ಗುರುತು, ಥರ್ಮೋಸ್ಟಾಟ್, ಉರುಳಿ ಬಿದ್ರ ಬಂದ್ ಆಗೋ ಸ್ವಿಚ್ ಇರಲಿ. ಅಂಗಡ್ಯಾಗೇ ಹಚ್ಚಿಸಿ, ಉರುಳಿಸಿ ನೋಡು. ಅಂಗಡಿಯವ ಮಾರಿ ಸೊಟ್ಟ ಮಾಡಿದ್ರ ಮಾಡಲಿ. ಮೂರು ಫೂಟಿನೊಳಗ ಅರಿವಿ ಇಡಬ್ಯಾಡ, ಹಸಿ ಸಾಕ್ಸ್ ಅದರ ಮ್ಯಾಲ ಒಣಗಿಸಬ್ಯಾಡ. ನಿನ್ನ ಚಾಳಿ ನನಗ ಗೊತ್ತದ.

ಮಲಗೂಕಿಂತ ಮೊದಲು ಅರ್ಧ ತಾಸು ಹಚ್ಚು, ಗಾಡಿ ಬೆಚ್ಚಗಾಗಲಿ. ಆಮ್ಯಾಲ ಬಂದ್ ಮಾಡು, ಪ್ಲಗ್ ಕೀಳು. ನಿಮ್ಮ ಅಜ್ಜಿ ಹೊಲಿದ ಕೌದಿ ಪೆಟ್ಟಿಗ್ಯಾಗ ಯಾರಿಗೆ ಅಂತ ಇಟ್ಟೀವಿ? ಎರಡು ಒಯ್ಯಿ, ಒಂದು ಹಾಸಲಿಕ್ಕ, ಒಂದು ಹೊದಿಲಿಕ್ಕ. ತಗಡಿನ ಗ್ವಾಡಿಗೆ, ತಳಕ್ಕ ಥರ್ಮಾಕೋಲ್ ಬ್ಯಾಡ, ಬೆಂಕಿ ಲಗೂ ಹಿಡೀತದ, ರಾಕ್‌ವೂಲ್ ಹಾಕಿಸು.

ಮನಾಲಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಮೊದಲು ಡಿಸೆಂಬರದಾಗ ಕಮಲಾಪುರ, ಹುಮನಾಬಾದ್ ದಾಟಿ ಬೀದರಕ್ಕ ಹೋಗಿ ಒಂದು ರಾತ್ರಿ ಗಾಡ್ಯಾಗೇ ಮಲಗಿ ನೋಡು. ಹೀಟರ್ ಅರ್ಧ ತಾಸು ಹಚ್ಚಿ ಬಂದ್ ಮಾಡಿ, ಪ್ಲಗ್ ಕಿತ್ತು ಮುಟ್ಟು. ಕೈ ಸುಟ್ಟಂಗಾದ್ರ ತಿರುಗಿ ಬಾ. ನಾನೂ ನೀನೂ ಕೂಡಿ ಆ ವೈರಿಂಗ್ ಬಿಚ್ಚೋಣು.